ಕೌದಿಯ ಅಂಚಿಗೆ ಪಟ್ಟಿ ಹಚ್ಚುವ ಬಗೆ

ಬಳಸಿ ಹಳತಾದ ಕೌದಿಯೊಂದನ್ನು ನೆಲದ ಮೇಲೆ ಹಾಸಿ ನೋಡಿ. ನಡುಭಾಗದ ಹೊಲಿಗೆ ಸಾಲುಗಳು ಇನ್ನೂ ಗಟ್ಟಿಯಾಗಿರುತ್ತವೆ. ಅಂಚು ಮಾತ್ರ ಎಳೆ ಬಿಟ್ಟು, ಒಳಗಿನ ಸೀರೆಯ ಪದರುಗಳು ಹೊರಗೆ ಇಣುಕುತ್ತಿರುತ್ತವೆ. ಅದರಲ್ಲೂ ತಲೆಯ ಕಡೆಯ ಅಂಚು ಮೊದಲು ಹೋಗುತ್ತದೆ. ನಿದ್ದೆಗಣ್ಣಿನಲ್ಲಿ ಹೊದಿಕೆ ಎಳೆದುಕೊಳ್ಳುವಾಗ ಕೈ ಹಿಡಿಯುವುದು ಅಲ್ಲೇ, ಗಲ್ಲಕ್ಕೆ ತಿಕ್ಕುವುದೂ ಅಲ್ಲೇ. ಒಗೆದು ಹಗ್ಗಕ್ಕೆ ಹಾಕಿದಾಗ ಒದ್ದೆ ಕೌದಿಯ ಭಾರ ಜಗ್ಗುವುದೂ ಬಹಳ ಸಲ ಅಂಚನ್ನೇ. ತಿಂಗಳುಗಟ್ಟಲೆ ಕುಳಿತು ಹೊಲಿದ ಕೌದಿ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಹೀಗೆ ಅಂಗೈಗಿಂತ ಕಿರಿದಾದ ಒಂದು ಪಟ್ಟಿ ನಿರ್ಧರಿಸುತ್ತದೆ.

ಆ ಪಟ್ಟಿಯನ್ನು ಅಚ್ಚುಕಟ್ಟಾಗಿ ಕೂರಿಸಲು ವಿಶೇಷ ಕೈಚಳಕವೇನೂ ಬೇಕಿಲ್ಲ. ಕೌದಿಯ ಅಳತೆ, ಅದರ ಮೂಲೆ, ಪಟ್ಟಿಯ ಬಟ್ಟೆ ಈ ಮೂರನ್ನು ಸೂಜಿ ಹಿಡಿಯುವ ಮುನ್ನವೇ ಸರಿಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ನುಲಿದುಕೊಂಡ, ಅಲೆಯಲೆಯಾದ ಅಂಚುಗಳು ಬಹುಪಾಲು ಈ ಹಂತದಲ್ಲಿ ಮಾಡಿದ ಅವಸರದ ಫಲ.

ಅಂಚು ಮುಚ್ಚಲು ಇರುವ ದಾರಿಗಳು

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರ ಪದರು ಪದರಾಗಿ ಹಾಸಿ ಹೊಲಿಯುವ ಕೌದಿಗೆ ಪ್ರತ್ಯೇಕ ಪಟ್ಟಿ ಇರಲೇಬೇಕೆಂದಿಲ್ಲ. ಮೇಲಿನ ಮತ್ತು ಕೆಳಗಿನ ಪದರುಗಳ ಅಂಚನ್ನು ಒಳಕ್ಕೆ ಮಡಿಸಿ, ಎದುರುಬದುರಾಗಿಟ್ಟು ಹೊಲಿದುಬಿಟ್ಟರೂ ಅಂಚು ಮುಚ್ಚುತ್ತದೆ. ಇಲ್ಲವೇ ಕೆಳಗಿನ ಪದರನ್ನು ಸುತ್ತಲೂ ಎರಡು ಇಂಚು ದೊಡ್ಡದಾಗಿ ಬಿಟ್ಟುಕೊಂಡು, ಅದನ್ನೇ ಮೇಲಕ್ಕೆ ಎರಡು ಮಡಿಕೆ ಮಾಡಿ ತಂದು ಹೊಲಿಯಬಹುದು. ಬಟ್ಟೆ ಉಳಿಯುತ್ತದೆ, ಕೆಲಸವೂ ಬೇಗ ಆಗುತ್ತದೆ. ತೊಟ್ಟಿಲ ಕೌದಿಗೆ ಇದು ಧಾರಾಳವಾಗಿ ಸಾಕು. ಆದರೆ ದಿನವೂ ಹೊದೆಯುವ ದೊಡ್ಡ ಕೌದಿಗೆ ನಾನು ಬೇರೆ ಪಟ್ಟಿಯನ್ನೇ ಹೇಳುತ್ತೇನೆ. ಕಾರಣ ಸರಳ: ಅಂಚು ಸವೆದಾಗ ಪಟ್ಟಿಯನ್ನಷ್ಟೇ ಬಿಚ್ಚಿ ಹೊಸದು ಹಚ್ಚಬಹುದು, ಕೌದಿಯ ಒಡಲನ್ನು ಮುಟ್ಟಬೇಕಿಲ್ಲ. ಕೆಳಪದರನ್ನೇ ಮಡಿಸಿ ಹೊಲಿದಿದ್ದರೆ ಆ ಪದರೇ ಹರಿದಂತಾಗುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕವಂದಿಯಲ್ಲಿ ಅಂಚಿನ ಲೆಕ್ಕವೇ ಬೇರೆ. ಅವರು ಹೊಲಿಗೆಯನ್ನು ಅಂಚಿನಿಂದಲೇ ಶುರುಮಾಡಿ, ಸುತ್ತು ಹಾಕುತ್ತ ನಡುವಿನ ಕಡೆಗೆ ಸಾಗುತ್ತಾರೆ. ಹಾಗಾಗಿ ಕೊನೆಯಲ್ಲಿ ಅಂಚಿಗೆಂದು ಪ್ರತ್ಯೇಕ ಕೆಲಸ ಉಳಿಯುವುದಿಲ್ಲ. ನಾಲ್ಕೂ ಮೂಲೆಗಳಿಗೆ ಬಣ್ಣಬಣ್ಣದ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಕೂರಿಸುವ 'ಫೂಲ್' ಇಲ್ಲದಿದ್ದರೆ ಕವಂದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ನೋಡಲು ಅಲಂಕಾರವೇ ಹೌದು, ಜೊತೆಗೆ ಬೇಗ ಸವೆಯುವ ಮೂಲೆಗೆ ಹಲವು ಪದರುಗಳ ಬಲವೂ ಸಿಕ್ಕಿತು. ಪಟ್ಟಿ ಹಚ್ಚುವವರೂ ಇದನ್ನು ಗಮನಿಸಬೇಕು. ಅಂಚಿನ ಕೆಲಸದಲ್ಲಿ ಅತಿ ಹೆಚ್ಚು ಯೋಚನೆ ಬೇಡುವುದು ಮೂಲೆಗಳೇ.

ಪಟ್ಟಿಗೆ ಎಂಥ ಬಟ್ಟೆ

ಹತ್ತಿ ಬಟ್ಟೆ, ಅದೂ ಒತ್ತಾಗಿ ನೇಯ್ದದ್ದು. ಹೊಸದಾಗಿ ಕೊಳ್ಳುವುದಾದರೆ ಕೇಂಬ್ರಿಕ್ ಅಥವಾ ಪಾಪ್ಲಿನ್ ಕೇಳಿ. ಎಲ್ಲರ ಮನೆಯ ಕಪಾಟಿನಲ್ಲೂ ಬಾಗಿನಕ್ಕೆ, ಅರಿಶಿನ ಕುಂಕುಮಕ್ಕೆ ಬಂದ ಬ್ಲೌಸ್ ಪೀಸುಗಳ ರಾಶಿ ಇರುತ್ತದೆ. ಅವನ್ನು ಇಲ್ಲಿ ಬಳಸಿಬಿಡೋಣ ಎನಿಸುವುದು ಸಹಜ. ಆದರೆ ಅವುಗಳಲ್ಲಿ ಹೆಚ್ಚಿನವು ತೆಳು, ಹಲವಕ್ಕೆ ಪಾಲಿಯೆಸ್ಟರ್ ಬೆರಕೆ. ಸಂಶಯವಿದ್ದರೆ ಮೂಲೆಯಿಂದ ಎರಡು ಎಳೆ ಕಿತ್ತು ದೀಪಕ್ಕೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟಂತೆ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ. ಗುಳೇದಗುಡ್ಡದ ಖಣ ಅಂಚಿಗೆ ಬಹಳ ಚೆಂದ ಕಾಣುತ್ತದೆ ನಿಜ. ಅದನ್ನು ಗೋಡೆಗೆ ತೂಗುಹಾಕುವ, ದಿವಾನದ ಮೇಲೆ ಹಾಸುವ ಕೌದಿಗೆ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಒಗೆಯುವ ಹೊದಿಕೆಗೆ ಅದು ಬೇಡ.

ಹಳೆ ಹತ್ತಿ ಸೀರೆಯಿಂದ ಪಟ್ಟಿ ತೆಗೆಯುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಐದೂವರೆ ಮೀಟರ್ ಉದ್ದದ ಸೀರೆಯನ್ನು ಉದ್ದಕ್ಕೇ ಸೀಳಿದರೆ ಎರಡೇ ಪಟ್ಟಿಯಲ್ಲಿ ಇಡೀ ಕೌದಿಯ ಸುತ್ತು ಮುಗಿಯುತ್ತದೆ, ನಡುವೆ ಜೋಡಣೆ ಬಹಳ ಕಡಿಮೆ. ಆದರೆ ಸೀರೆಯ ಯಾವ ಭಾಗ ಎಂಬುದನ್ನು ನೋಡಿ ಆರಿಸಬೇಕು. ನೆಲಕ್ಕೆ ತಾಗುವ ಕೆಳಗಿನ ಅಂಚು, ನೆರಿಗೆಯ ಬುಡ ಸವೆದಿರುತ್ತವೆ. ಸೊಂಟಕ್ಕೆ ಸಿಕ್ಕಿಸುವ ಮೇಲ್ಭಾಗ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದಾಗ ಬಟ್ಟೆ ಜಾಳಾಗಿ ಕಂಡ ಕಡೆ ಕತ್ತರಿ ಹಾಕಬೇಡಿ. ಇಳಕಲ್ ಸೀರೆಯ ದಡಿಯನ್ನೇ ಅಂಚಾಗಿ ಹಚ್ಚುವ ಆಸೆಯಿದ್ದವರು ಒಂದು ಮಾತು ನೆನಪಿಡಿ. ಹತ್ತಿ ಒಡಲಿನ ಇಳಕಲ್ ಸೀರೆಯಲ್ಲೂ ದಡಿ ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಆಗಿರುತ್ತದೆ. ಒಗೆದಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಹಲವು ಸಲ ಒಗೆದ ಹಳೆ ಸೀರೆಯಾದರೆ ತೊಂದರೆಯಿಲ್ಲ, ಹೊಸದರದು ಬೇಡ.

ಹೊಸ ಬಟ್ಟೆಯನ್ನು ಕತ್ತರಿಸುವ ಮುನ್ನ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಲೇಬೇಕು. ಒಗೆಯದ ಪಟ್ಟಿ ಮೊದಲ ಒಗೆತದಲ್ಲಿ ಕುಗ್ಗಿದರೆ ಅದರ ಜೊತೆ ಕೌದಿಯ ಅಂಚೂ ಸುಕ್ಕಾಗುತ್ತದೆ. ಕೆಂಪು ಮತ್ತು ಕಡುನೀಲಿ ಬಟ್ಟೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ತುಂಡಿನಿಂದ ಒತ್ತಿ ನೋಡಿ. ಬಣ್ಣ ಬಿಡುವುದು ನಿಲ್ಲುವವರೆಗೆ ಒಗೆಯಿರಿ. ಎಷ್ಟು ಸಲ ಒಗೆದರೂ ನಿಲ್ಲದಿದ್ದರೆ ಆ ಬಟ್ಟೆಯನ್ನು ಕೈಬಿಡಿ.

ನೇರ ಪಟ್ಟಿಯೋ, ಎಳೆಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿಯೋ ಎಂಬ ಪ್ರಶ್ನೆಯನ್ನು ಟೈಲರ್‌ಗಳೂ ಚರ್ಚಿಸುತ್ತಾರೆ. ಮೂಲೆಗಳು ದುಂಡಗಿದ್ದರೆ, ಅಂಚು ಬಾಗಿದ್ದರೆ ಕ್ರಾಸ್ ಪಟ್ಟಿ ಬೇಕೇ ಬೇಕು. ನೇರ ಪಟ್ಟಿ ಬಳುಕುವುದಿಲ್ಲ. ಬಾಳಿಕೆಯಲ್ಲೂ ಕ್ರಾಸ್ ಒಂದು ಕೈ ಮೇಲು. ನೇರ ಪಟ್ಟಿಯ ಹೊರಮಡಿಕೆಯ ಉದ್ದಕ್ಕೂ ಒಂದೆರಡು ಎಳೆಗಳೇ ಓಡುತ್ತವೆ, ಅವು ಸವೆದರೆ ಅಂಚು ಸೀಳಿದಂತೆ ಬಿಡುತ್ತದೆ. ಕ್ರಾಸ್‌ನಲ್ಲಿ ನೂರಾರು ಎಳೆಗಳು ಮಡಿಕೆಯನ್ನು ಓರೆಯಾಗಿ ದಾಟುವುದರಿಂದ ಸವೆತ ಹಂಚಿಹೋಗುತ್ತದೆ. ಆದರೆ ಕ್ರಾಸ್ ಪಟ್ಟಿ ಕೈಯಲ್ಲಿ ಹಿಡಿದರೆ ಸಾಕು ಹಿಗ್ಗುತ್ತದೆ. ನಾಲ್ಕು ನೇರ ಬದಿಯ ಕೌದಿಗೆ, ಮೊದಲ ಸಲ ಮಾಡುವವರಿಗೆ, ಬಟ್ಟೆಯ ಅಗಲಕ್ಕೆ ಕತ್ತರಿಸಿದ ನೇರ ಪಟ್ಟಿಯೇ ಸರಿ. ಅಡ್ಡ ಎಳೆಯಲ್ಲಿ ಇರುವ ತುಸು ಹಿಗ್ಗು ಕೆಲಸಕ್ಕೆ ಬರುತ್ತದೆ.

ಎಷ್ಟು ಬಟ್ಟೆ, ಎಷ್ಟು ಅಗಲ

ಇಲ್ಲಿ ಹೇಳುತ್ತಿರುವುದು ಜೋಡಿ ಮಡಿಕೆಯ ಪಟ್ಟಿ. ಅಂದರೆ ಪಟ್ಟಿಯನ್ನು ಮೊದಲೇ ಉದ್ದುದ್ದ ಅರ್ಧಕ್ಕೆ ಮಡಿಸಿ ಹಚ್ಚುವುದು. ಅಂಚಿನ ಮೇಲೆ ಎರಡು ಪದರ ಬಟ್ಟೆ ಇರುವುದರಿಂದ ಒಂದೇ ಮಡಿಕೆಯದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ತೆಳು ಹೊದಿಕೆಗೆ 2.5 ಇಂಚು ಅಗಲ ಕತ್ತರಿಸಿ, ಅಂಚಿನಿಂದ ಕಾಲಿಂಚು ಒಳಗೆ ಹೊಲಿಯಿರಿ. ನಾಲ್ಕೈದು ಪದರು ಸೀರೆ ಹಾಕಿದ ದಪ್ಪ ಕೌದಿಗೆ 3 ಇಂಚು ಅಗಲ ಬೇಕು, ಹೊಲಿಗೆಯನ್ನೂ 1 ಸೆಂಟಿಮೀಟರ್ ಒಳಗೆ ಹಾಕಬೇಕು. ದಪ್ಪದ ಅಂದಾಜು ಸಿಗದಿದ್ದರೆ ಒಂದು ಗೇಣುದ್ದದ ತುಂಡನ್ನು ಮಡಿಸಿ, ಕೌದಿಯ ಅಂಚಿಗೆ ಹೊಲಿದು ಹಿಂದಕ್ಕೆ ತಿರುಗಿಸಿ ನೋಡಿ. ಮಡಿಕೆ ಹಿಂಬದಿಯ ಹೊಲಿಗೆ ಗೆರೆಯನ್ನು ಮುಚ್ಚಿ ಕೂದಲೆಳೆಯಷ್ಟು ಮುಂದೆ ಹೋದರೆ ಅಗಲ ಸರಿಯಾಗಿದೆ.

60 ಇಂಚು ಅಗಲ, 90 ಇಂಚು ಉದ್ದದ ಒಂಟಿ ಮಂಚದ ಕೌದಿಯನ್ನು ತೆಗೆದುಕೊಳ್ಳಿ. ಸುತ್ತಳತೆ 300 ಇಂಚು, ಮೂಲೆಗೂ ಕೊನೆಯ ಜೋಡಣೆಗೂ 12 ಇಂಚು ಸೇರಿಸಿದರೆ 312. 44 ಇಂಚು ಪನ್ನದ ಬಟ್ಟೆಯಲ್ಲಿ ನೇಯ್ದ ಅಂಚು ತೆಗೆದರೆ ಕೈಗೆ ಸಿಗುವುದು ಸುಮಾರು 42 ಇಂಚು. ಹಾಗಾಗಿ 8 ಪಟ್ಟಿ ಬೇಕು. ಒಂದೊಂದು ಓರೆ ಜೋಡಣೆಯೂ ಪಟ್ಟಿಯ ಅಗಲದಷ್ಟು ಉದ್ದವನ್ನು ನುಂಗುತ್ತದೆ, ಆದರೂ 8 ಪಟ್ಟಿ ಸಾಕಾಗುತ್ತದೆ. 2.5 ಇಂಚಿನ 8 ಪಟ್ಟಿಗೆ 20 ಇಂಚು ಬಟ್ಟೆ, 3 ಇಂಚಿನದಾದರೆ 24 ಇಂಚು. ಕುಗ್ಗುವ ಲೆಕ್ಕ ಹಿಡಿದು ಮುಕ್ಕಾಲು ಮೀಟರ್ ಕೊಂಡರೆ ಎರಡಕ್ಕೂ ಆಗುತ್ತದೆ.

ಪಟ್ಟಿಗಳನ್ನು ತುದಿಗೆ ತುದಿ ನೇರವಾಗಿ ಜೋಡಿಸಬೇಡಿ. ಜೋಡಣೆಯ ಬಟ್ಟೆಯೆಲ್ಲ ಒಂದೇ ಕಡೆ ಸೇರಿ ಅಂಚಿನಲ್ಲಿ ಗಂಟಿನಂತೆ ಉಬ್ಬುತ್ತದೆ. ಒಂದು ಪಟ್ಟಿಯ ತುದಿಯ ಮೇಲೆ ಇನ್ನೊಂದರ ತುದಿಯನ್ನು, ಎರಡರ ಒಳ್ಳೆಯ ಮುಖಗಳೂ ಎದುರುಬದುರಾಗುವಂತೆ, ಅಡ್ಡಡ್ಡ ಇಡಿ. ಎರಡೂ ಸೇರಿದ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಲಿಯಿರಿ. ಕಾಲಿಂಚು ಬಿಟ್ಟು ಮಿಕ್ಕದ್ದನ್ನು ಕತ್ತರಿಸಿ, ಜೋಡಣೆಯನ್ನು ಅತ್ತಿತ್ತ ಬಿಡಿಸಿ ಇಸ್ತ್ರಿ ಮಾಡಿ. ಆಮೇಲೆ ಇಡೀ ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಿಸಿ ಇಸ್ತ್ರಿ ಹಾಕಿ, ಸುರುಳಿ ಸುತ್ತಿಡಿ.

ಕೌದಿಯನ್ನು ಚೌಕ ಮಾಡುವುದು

ಎಲ್ಲರೂ ಬೇಗ ದಾಟಿಹೋಗುವ ಹಂತ ಇದು, ಆದರೆ ಅಂಚು ಕೆಡುವುದು ಹೆಚ್ಚಾಗಿ ಇಲ್ಲೇ. ಹೊಲಿಯುತ್ತಾ ಹೋದಂತೆ ಕೌದಿ ಅಲ್ಲಲ್ಲಿ ಕುಗ್ಗಿರುತ್ತದೆ, ಅಂಚು ಹಿಗ್ಗಿರುತ್ತದೆ. ಅದನ್ನು ಹಾಗೆಯೇ ಬಿಟ್ಟು ಪಟ್ಟಿ ಹಚ್ಚಿದರೆ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅಂಚು ನೇರವಾಗದು.

ಟೈಲ್ಸ್ ಹಾಕಿದ ನೆಲವಿದ್ದರೆ ಅದಕ್ಕಿಂತ ಒಳ್ಳೆಯ ಅಳತೆಪಟ್ಟಿ ಬೇರೆ ಬೇಡ. ಟೈಲ್ಸ್ ಗೆರೆಗಳಿಗೆ ಹೊಂದುವಂತೆ ಕೌದಿಯನ್ನು ಹಾಸಿ, ಅಂಗೈಯಿಂದ ನಡುವಿನಿಂದ ಹೊರಗೆ ನಿಧಾನ ಸವರಿ. ಎಳೆಯಬೇಡಿ. ಒಂದು ಬದಿ ಗೆರೆಗೆ ಕೂತರೆ ಉಳಿದ ಬದಿಗಳು ಎಲ್ಲಿ ಹೊರಗೆ ಬಂದಿವೆ, ಎಲ್ಲಿ ಒಳಗೆ ಹೋಗಿವೆ ಎಂಬುದು ಕಣ್ಣಿಗೇ ಕಾಣುತ್ತದೆ. ಮತ್ತೊಂದು ಪರೀಕ್ಷೆ ಮೂಲೆಯಿಂದ ಮೂಲೆಗೆ. 60×90ರ ಕೌದಿಯಲ್ಲಿ ಕರ್ಣ 108 ಇಂಚಿನ ಆಸುಪಾಸು ಬರಬೇಕು, ಎರಡೂ ಕರ್ಣಗಳು ಸಮನಾಗಿರಬೇಕು. ಹೊಲಿಗೆಯ ಇಂಚು ಟೇಪು 60 ಇಂಚಿಗೇ ಮುಗಿಯುವುದರಿಂದ ಹಿಗ್ಗದ ದಾರವೊಂದನ್ನು ಮೂಲೆಯಿಂದ ಮೂಲೆಗೆ ಹಿಡಿದು, ಅದೇ ದಾರವನ್ನು ಇನ್ನೊಂದು ಕರ್ಣಕ್ಕೆ ಹಿಡಿದು ನೋಡಿದರಾಯಿತು. ಅರ್ಧ ಇಂಚಿನ ವ್ಯತ್ಯಾಸ ಕಣ್ಣಿಗೆ ಬೀಳದು. ಅದಕ್ಕೂ ಹೆಚ್ಚಿದ್ದರೆ ಉದ್ದವಾದ ಕರ್ಣದ ಮೂಲೆಗಳನ್ನು ಸ್ವಲ್ಪ ಸ್ವಲ್ಪ ತೆಗೆದು ಸರಿಪಡಿಸಿ.

ಕತ್ತರಿಸಬೇಕಾದ ಗೆರೆಯನ್ನು ಚಾಕಿನಿಂದ ಎಳೆದುಕೊಂಡು, ಅದರ ಒಳಗೆ ಕೂದಲಳತೆ ದೂರದಲ್ಲಿ ಸುತ್ತಲೂ ಒಂದು ಉದ್ದನೆಯ ಹೊಲಿಗೆ ಓಡಿಸಿ. ಎಲ್ಲ ಪದರುಗಳೂ ಒಂದಾಗಿ ನಿಲ್ಲುತ್ತವೆ. ಕತ್ತರಿ ಹಾಕುವುದು ಆಮೇಲೆ. ಮೊದಲೇ ಕತ್ತರಿಸಿದರೆ ಒಳಗಿನ ಪದರು ಒಂದು ಕಡೆ, ಹೊರಗಿನದು ಒಂದು ಕಡೆ ಸರಿದಿರುತ್ತದೆ.

ಈಗ ಉದ್ದವನ್ನು ಮೂರು ಕಡೆ ಅಳೆಯಿರಿ: ಎರಡು ಅಂಚುಗಳಲ್ಲಿ ಮತ್ತು ನಟ್ಟನಡುವೆ. ಅಂಚಿನಲ್ಲಿ 92 ಇಂಚು ಬಂದು ನಡುವೆ 90 ಬಂದರೆ, ನಂಬಬೇಕಾದದ್ದು ನಡುವಿನ ಅಳತೆಯನ್ನು. ಪಟ್ಟಿಯ ಮೇಲೆ ಆ ಬದಿಗೆ 90 ಇಂಚು ಗುರುತು ಹಾಕಿ, ಅದನ್ನು ನಾಲ್ಕು ಭಾಗ ಮಾಡಿ. ಕೌದಿಯ ಅಂಚನ್ನೂ ನಾಲ್ಕು ಭಾಗ ಮಾಡಿ. ಗುರುತಿಗೆ ಗುರುತು ಸೇರಿಸಿ ಪಿನ್ ಹಾಕಿದಾಗ ಒಂದೊಂದು ಭಾಗದಲ್ಲೂ 23 ಇಂಚಿನ ಅಂಚು 22.5 ಇಂಚಿನ ಪಟ್ಟಿಗೆ ಹೊಂದಿಕೊಳ್ಳಬೇಕಾಗುತ್ತದೆ. ಅರ್ಧ ಇಂಚು ತಾನಾಗಿ ಅಡಗುತ್ತದೆ. ಎರಡು ಇಂಚನ್ನು ಕೊನೆಯ ಒಂದು ಗೇಣಿನಲ್ಲಿ ಅಡಗಿಸಲು ಹೋದರೆ ಅಲ್ಲೇ ನೆರಿಗೆ ಬೀಳುತ್ತದೆ. ಅಲೆಯಲೆಯಾದ ಅಂಚನ್ನು ಸಮ ಮಾಡಲು ನನಗೆ ಗೊತ್ತಿರುವ ಖಚಿತ ಉಪಾಯ ಇದೊಂದೇ.

ಹೊಲಿಗೆ ಮತ್ತು ಮೂಲೆ

ಹೊಲಿಗೆ ಶುರುಮಾಡುವುದು ಕಾಲಿನ ಕಡೆಯ ಅಂಚಿನ ನಡುಮಧ್ಯದಿಂದ, ಮೂಲೆಯಿಂದಲ್ಲ. ಪಟ್ಟಿಯ ಆರಂಭದ ತುದಿಯನ್ನು ಬಿಚ್ಚಿ 45 ಡಿಗ್ರಿ ಓರೆಯಾಗಿ ಕತ್ತರಿಸಿ, ಕಾಲಿಂಚು ಒಳಕ್ಕೆ ಮಡಿಸಿ ಇಸ್ತ್ರಿ ಮಾಡಿ, ಮತ್ತೆ ಅರ್ಧಕ್ಕೆ ಮಡಿಸಿ. ಕೊನೆಯ ತುದಿ ಬಂದು ಸೇರಲು ಇದು ಜೇಬಿನಂತೆ ಒದಗುತ್ತದೆ. ಪಿನ್ ಹಾಕುವ ಮುನ್ನ ಪಟ್ಟಿಯನ್ನು ಒಮ್ಮೆ ಸುತ್ತಲೂ ಹಾಯಿಸಿ ನೋಡಿ. ಯಾವುದಾದರೂ ಜೋಡಣೆ ಮೂಲೆಯ ಮೇಲೆ ಬೀಳುವಂತಿದ್ದರೆ ಆರಂಭದ ಜಾಗವನ್ನು ನಾಲ್ಕು ಇಂಚು ಅತ್ತ ಸರಿಸಿ.

ಪಟ್ಟಿಯ ಎರಡು ಬಿಚ್ಚಂಚುಗಳು ಕೌದಿಯ ಮೇಲ್ಮುಖದ ಅಂಚಿಗೆ ಸಮವಾಗಿರಲಿ, ಮಡಿಕೆ ಒಳಗಡೆ ಇರಲಿ. ಆರಂಭದ ನಾಲ್ಕೈದು ಇಂಚು ಹೊಲಿಯದೆ ಬಿಟ್ಟು ಮುಂದುವರಿಯಿರಿ. ಮೆಷಿನ್‌ಗೆ 16 ನಂಬರ್ ಸೂಜಿ ಹಾಕಿ, ಹೊಲಿಗೆಯ ಉದ್ದ 3 ಮಿಲಿಮೀಟರ್ ಇರಲಿ. ಮೆಷಿನ್‌ನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಮೇಲಿನದಕ್ಕಿಂತ ಬೇಗ ಎಳೆಯುತ್ತವೆ. ಪಟ್ಟಿ ಮೇಲಿರುವುದರಿಂದ ಅದು ಹಿಂದುಳಿದು ಓರೆ ಸುಕ್ಕು ಬೀಳುತ್ತದೆ. ವಾಕಿಂಗ್ ಫೂಟ್ ಇದ್ದವರು ಅದನ್ನೇ ಹಾಕಲಿ. ಇಲ್ಲದವರು ಎರಡು ಇಂಚಿಗೊಂದು ಪಿನ್ ಹಾಕಿ, ಫೂಟಿನ ಒತ್ತಡ ಕಡಿಮೆ ಮಾಡಿ, ಎಡಗಡೆ ಸ್ಟೂಲಿಟ್ಟು ಕೌದಿಯ ಭಾರವನ್ನು ಅದಕ್ಕೆ ಬಿಡಿ. ಮೆಷಿನ್ನಿನಿಂದ ಜೋತುಬಿದ್ದ ಕೌದಿ ಅಂಚನ್ನು ಎಳೆಯುತ್ತಲೇ ಇರುತ್ತದೆ. ಹಿಂದೆ ಹೇಳಿದ ಹಿಗ್ಗಿದ ಅಂಚು ಕೆಳಗೆ, ಪಟ್ಟಿ ಮೇಲೆ ಇರುವಾಗ ಅದೇ ಹಲ್ಲುಗಳು ಹೆಚ್ಚುವರಿ ಅಳತೆಯನ್ನು ಒಳಗೆ ಸೇರಿಸಿಕೊಳ್ಳಲು ನೆರವಾಗುತ್ತವೆ. ಪಟ್ಟಿಯನ್ನು ಮಾತ್ರ ಕೈಯಿಂದ ಜಗ್ಗಬೇಡಿ. ಜಗ್ಗಿ ಹಚ್ಚಿದ ಪಟ್ಟಿ ಆಮೇಲೆ ತನ್ನ ಅಳತೆಗೆ ಮರಳಿ, ಕೌದಿಯ ಅಂಚು ಒಳಕ್ಕೆ ಸುರುಳಿಯಾಗುತ್ತದೆ.

ಮೂಲೆ ಬರುವ ಮುನ್ನ, ಮುಂದಿನ ಅಂಚಿನಿಂದ ಕಾಲಿಂಚು (ದಪ್ಪ ಕೌದಿಯಾದರೆ 1 ಸೆಂಟಿಮೀಟರ್) ಒಳಗೆ ಒಂದು ಚುಕ್ಕೆ ಇಟ್ಟುಕೊಳ್ಳಿ. ಹೊಲಿಗೆ ಆ ಚುಕ್ಕೆಗೆ ಸರಿಯಾಗಿ ನಿಲ್ಲಬೇಕು. ಒಂದು ಹೊಲಿಗೆ ದಾಟಿದರೂ ಮೂಲೆ ಮಡಿಸಲು ಬರುವುದಿಲ್ಲ. ಎರಡು ಮೂರು ಹೊಲಿಗೆ ಹಿಂದೆ ಮುಂದೆ ಹಾಕಿ ದಾರ ಕತ್ತರಿಸಿ, ಕೌದಿಯನ್ನು ತಿರುಗಿಸಿ ಮುಂದಿನ ಬದಿ ನಿಮ್ಮ ಎದುರಿಗೆ ಉದ್ದುದ್ದ ಬರುವಂತೆ ಇಟ್ಟುಕೊಳ್ಳಿ. ಪಟ್ಟಿಯನ್ನು ನಿಮ್ಮಿಂದ ಆಚೆಗೆ ಮಡಿಸಿ. ಮೂಲೆಯಲ್ಲಿ 45 ಡಿಗ್ರಿಯ ಓರೆ ಮಡಿಕೆ ಬೀಳುತ್ತದೆ, ಪಟ್ಟಿಯ ಬಿಚ್ಚಂಚು ಮುಂದಿನ ಬದಿಯ ನೇರಕ್ಕೇ ಆಚೆಗೆ ಸಾಗಿದಂತೆ ಕಾಣಬೇಕು. ಆ ಓರೆ ಮಡಿಕೆಯನ್ನು ಬೆರಳಿನಿಂದ ಒತ್ತಿಹಿಡಿದು, ಪಟ್ಟಿಯನ್ನು ಮತ್ತೆ ನಿಮ್ಮ ಕಡೆಗೆ ತಂದು ಮುಂದಿನ ಬದಿಯ ಮೇಲೆ ಮಲಗಿಸಿ. ಆಚೆ ತುದಿಯಲ್ಲಿ ಬಿದ್ದ ಮಡಿಕೆ, ಈಗಷ್ಟೇ ಹೊಲಿದು ಮುಗಿಸಿದ ಅಂಚಿಗೆ ಸಮವಾಗಿರಬೇಕು. ಒಳಗೂ ಹೋಗಬಾರದು, ಹೊರಗೂ ಬರಬಾರದು. ಆ ಮಡಿಕೆಯ ತುದಿಯಿಂದಲೇ ಹೊಸ ಬದಿಯ ಹೊಲಿಗೆ ಆರಂಭಿಸಿ. ಮಡಿಸಿದ್ದು ಸರಿಯಾಗಿದ್ದರೆ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿದಾಗ ಮೂಲೆಯಲ್ಲಿ ಓರೆ ಗೆರೆ ತಾನಾಗಿಯೇ ಕೂರುತ್ತದೆ. ಕೌದಿಗೆ ಕೈಹಾಕುವ ಮುಂಚೆ ಹಳೆಯ ಬಟ್ಟೆಯ ಎರಡು ತುಂಡುಗಳ ಮೇಲೆ ಈ ಮೂಲೆಯನ್ನು ಮಾಡಿ ಕಲಿತುಕೊಳ್ಳುವುದು ಒಳ್ಳೆಯದು. ಓದಿದಾಗ ತಲೆಗೆ ಹತ್ತದ್ದು ಬಟ್ಟೆ ಕೈಗೆ ಬಂದಾಗ ಹತ್ತುತ್ತದೆ.

ಸುತ್ತು ಮುಗಿದು ಆರಂಭಕ್ಕೆ ಬಂದಾಗ ಪಟ್ಟಿಯ ಕೊನೆಯನ್ನು ಜೇಬಿನೊಳಗೆ ಒಂದು ಇಂಚು ಹೋಗುವಷ್ಟು ಬಿಟ್ಟು ಕತ್ತರಿಸಿ, ಒಳಗೆ ಸೇರಿಸಿ, ಮೇಲೆ ಹೊಲಿಗೆ ಹಾಕಿ ಮುಗಿಸಿ.

ಮೆಷಿನ್ ಇಲ್ಲವೆಂದು ಹಿಂಜರಿಯಬೇಕಿಲ್ಲ. ಕೈಯಲ್ಲಿ ಬ್ಯಾಕ್ ಸ್ಟಿಚ್ ಹಾಕಿಯೇ ಇಡೀ ಸುತ್ತು ಮುಗಿಸಬಹುದು. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಮೂಲೆಗಳು ಕೈಹೊಲಿಗೆಯಲ್ಲಿ ಇನ್ನೂ ಚೆನ್ನಾಗಿ ಬರುತ್ತವೆ.

ಹಿಂದಕ್ಕೆ ತಿರುಗಿಸಿ ಹೆಮ್ಮಿಂಗ್

ಪಟ್ಟಿಯನ್ನು ಹಿಂಬದಿಗೆ ತಂದು, ಮಡಿಕೆಯು ಹೊಲಿಗೆ ಗೆರೆಯನ್ನು ಮುಚ್ಚುವಂತೆ ಕ್ಲಿಪ್ ಹಾಕಿ. ದಪ್ಪ ಅಂಚಿಗೆ ಪಿನ್ನಿಗಿಂತ ತಲೆಗೆ ಹಾಕುವ ಚಪ್ಪಟೆ ಕ್ಲಿಪ್ ಒಳ್ಳೆಯದು, ಕೈಗೆ ಚುಚ್ಚುವುದಿಲ್ಲ. ದಾರದ ಬಣ್ಣ ಪಟ್ಟಿಯ ಬಣ್ಣಕ್ಕೆ ಹೊಂದಬೇಕು, ಕೌದಿಯದಕ್ಕಲ್ಲ. ಒಂದು ಮೊಳಕ್ಕಿಂತ ಉದ್ದದ ದಾರ ಪೋಣಿಸಬೇಡಿ, ಗಂಟಾಗುತ್ತದೆ. ಜೇನುಮೇಣಕ್ಕೆ ಒಮ್ಮೆ ಉಜ್ಜಿಕೊಂಡರೆ ದಾರ ಸುಲಭವಾಗಿ ಓಡುತ್ತದೆ. ಸೂಜಿ ಕೌದಿಯ ಕೆಳಪದರನ್ನಷ್ಟೇ ಹಿಡಿದು, ಪಟ್ಟಿಯ ಮಡಿಕೆಯೊಳಗೆ ಕಾಲಿಂಚು ಹಾಯ್ದು ಹೊರಬರಬೇಕು. ಮೇಲ್ಮುಖದಲ್ಲಿ ಒಂದು ಹೊಲಿಗೆಯೂ ಕಾಣಬಾರದು. ಮೂಲೆಗೆ ಬಂದಾಗ ಹಿಂಬದಿಯ ಮಡಿಕೆಯನ್ನು ಮುಂಬದಿಯದರ ವಿರುದ್ಧ ದಿಕ್ಕಿಗೆ ಹಾಕಿ. ಆಗ ದಪ್ಪ ಎರಡೂ ಕಡೆಗೆ ಹಂಚಿ ಮೂಲೆ ಚೂಪಾಗಿ ನಿಲ್ಲುತ್ತದೆ. ಓರೆ ಗೆರೆಯ ಬಾಯಿಗೂ ಹಿಂದೆ ಮುಂದೆ ನಾಲ್ಕಾರು ಹೊಲಿಗೆ ಹಾಕಿಬಿಡಿ.

ಮಕ್ಕಳು ಎಳೆದಾಡುವ, ವಾಷಿಂಗ್ ಮೆಷಿನ್ನಿಗೆ ಹೋಗುವ ಕೌದಿಗೆ ಕೈ ಹೆಮ್ಮಿಂಗ್ ಸಾಲದು. ಅದಕ್ಕೆ ಕ್ರಮವನ್ನು ತಿರುವುಮುರುವು ಮಾಡಿ. ಪಟ್ಟಿಯನ್ನು ಮೊದಲು ಹಿಂಬದಿಗೆ ಹೊಲಿದು, ಮುಂದಕ್ಕೆ ತಂದು, ಮಡಿಕೆಯ ತುದಿಗೆ ಅಂಟಿದಂತೆ ಮೆಷಿನ್ ಹೊಲಿಗೆ ಹಾಕಿ. ನೋಟಕ್ಕೆ ಕೈಹೊಲಿಗೆಯಷ್ಟು ನಾಜೂಕಲ್ಲ, ಬಾಳಿಕೆಗೆ ಮಾತ್ರ ಗಟ್ಟಿ.

ಅಜ್ಜಿಯ ಕೌದಿಗೆ ಹೊಸ ಅಂಚು

ಅಟ್ಟದ ಮೇಲಿರುವ ಹಳೆ ಕೌದಿಗೆ ಅಂಚು ಹಾಕುವಾಗ ಹರಿದ ಅಂಚನ್ನು ಕತ್ತರಿಸಿ ತೆಗೆಯಬೇಡಿ. ಅಂಚಿಗೆ ಬಂದು ಮುಗಿಯುವ ಹೊಲಿಗೆ ಸಾಲುಗಳನ್ನು ಅಲ್ಲಿ ಕತ್ತರಿಸಿದರೆ ಅವು ಒಳಗಿನವರೆಗೆ ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಬಿಟ್ಟ ಎಳೆಗಳನ್ನು ಒಳಗೆ ಸೇರಿಸಿ, ಕಚ್ಚಾ ಹೊಲಿಗೆ ಹಾಕಿ, ಹಳೆಯ ಅಂಚನ್ನು ಪೂರ್ತಿ ನುಂಗುವಷ್ಟು ಅಗಲದ, ಅಂದರೆ 4 ಇಂಚಿನ ಪಟ್ಟಿಯನ್ನು ಹಚ್ಚಿ. ಅಲ್ಲಿ ಗಟ್ಟಿಯಾದ ಹೊಸ ಬಟ್ಟೆಗಿಂತ ಒಗೆದು ಮೆತ್ತಗಾದ ಹಳೆ ಸೀರೆಯೇ ಒಳ್ಳೆಯದು. ಬಿರುಸಾದ ಪಟ್ಟಿ ತನಗಿಂತ ದುರ್ಬಲವಾದ ಬಟ್ಟೆಯನ್ನು ಹೊಲಿಗೆಯ ಗೆರೆಯಲ್ಲೇ ಹರಿಯುತ್ತದೆ. ಒಣಗಿಸುವಾಗ ಅಂಚಿಗೆ ಕ್ಲಿಪ್ ಹಾಕಿ ತೂಗುಬಿಡದೆ, ಎರಡು ಹಗ್ಗಗಳ ಮೇಲೆ ನಡುಭಾಗದಿಂದ ಹರವಿ.

ನಿಮಗೆ ಹೊತ್ತಿಲ್ಲದೆ, ಮನೆಬಾಗಿಲಿಗೆ ಬಂದು ಕೌದಿ ಹೊಲಿದುಕೊಡುವ ಹೆಂಗಸರಿಗೆ ಕೊಡುವುದಾದರೆ ಪಟ್ಟಿಯ ಬಟ್ಟೆಯನ್ನು ನೀವೇ ಒಗೆದು, ಒಣಗಿಸಿ ಕೊಡಿ. ಜೋಡಿ ಮಡಿಕೆಯ ಅಂಚು ಬೇಕೆಂದು ಮೊದಲೇ ಹೇಳಿ. ಕೌದಿಯ ಕೂಲಿಯಲ್ಲೇ ಅಂಚನ್ನೂ ಸೇರಿಸಿ ಚೌಕಾಸಿ ಮಾಡದೆ, ಅದಕ್ಕೆಂದು ಬೇರೆಯಾಗಿ ದುಡ್ಡು ಕೊಡಿ. ನಾಲ್ಕು ಮೂಲೆಗಳನ್ನೂ ಕೈಯಲ್ಲಿ ಕೂರಿಸಿ 300 ಇಂಚು ಹೆಮ್ಮಿಂಗ್ ಮಾಡುವುದು ಪೂರ್ತಿ ದಿನದ ದುಡಿಮೆ.